ಬಿಸಿನೀರಿನ ಬೆಂಕಿಗೆ ಗಾಳಿ ಎಲ್ಲಿಂದ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲ ಮೂಲೆಗೊಂದು ಹಂಡೆ, ಅದರ ಕೆಳಗೊಂದು ಒಲೆ. ಕಬ್ಬಿನ ರವದಿ, ಹತ್ತಿಕಟ್ಟಿಗೆ, ಕುಳ್ಳು, ಏನು ಸಿಕ್ಕರೆ ಅದನ್ನು ಉರಿಸುತ್ತಿದ್ದರು. ಹೊಗೆ ಕಣ್ಣಿಗೆ ಹತ್ತಿದೊಡನೆ ಬಾಗಿಲು ತೆಗೆಯುತ್ತಿದ್ದರು. ಈಗ ಆ ಜಾಗದಲ್ಲಿ ಗೋಡೆಗೆ ಗ್ಯಾಸ್ ಗೀಜರ್ ಬಂದಿದೆ. ಹೊಗೆ ಕಾಣುವುದಿಲ್ಲವಾದ್ದರಿಂದ ಬಾಗಿಲು ತೆಗೆಯುವ ನೆನಪೂ ಆಗುವುದಿಲ್ಲ. ನೆಲದಿಂದ ಸೂರಿನವರೆಗೆ ಟೈಲ್ಸ್, ಗಾಜು ಮುಚ್ಚಿದ ಕಿಟಕಿ, ಒಳಗಿನಿಂದ ಚಿಲಕ. ನನಗೆ ಭಯವಿರುವುದು ಈ ಜೋಡಣೆಯ ಬಗ್ಗೆ.

ಗ್ಯಾಸ್ ಎಂದರೆ ನಮ್ಮ ಜನ ಹೆದರುವುದು ಸೋರಿಕೆಗೆ. ಆ ಹೆದರಿಕೆ ಸರಿಯೇ. ಆದರೆ ಸೋರಿದರೆ ನಾತ ಬರುತ್ತದೆ. ಎಚ್ಚರಿಸಲೆಂದೇ ಎಲ್‌ಪಿಜಿಗೆ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೆರೆಸಿರುತ್ತಾರೆ. ಸೋರದೆ, ಉರಿಯುತ್ತಲೇ ಕೊಲ್ಲುವ ಅಪಾಯಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಕಾರ್ಬನ್ ಮಾನಾಕ್ಸೈಡ್.

ಪ್ರೊಪೇನ್, ಬ್ಯೂಟೇನ್ ಅನಿಲಗಳ ಮಿಶ್ರಣವಾದ ಎಲ್‌ಪಿಜಿಗೆ ಸಾಕಷ್ಟು ಆಮ್ಲಜನಕ ಸಿಕ್ಕರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಆಮ್ಲಜನಕ ಕಡಿಮೆಯಾದರೆ ಇಂಗಾಲ ಅರ್ಧಂಬರ್ಧ ಉರಿದು ಮಾನಾಕ್ಸೈಡ್ ಆಗುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಇದನ್ನು ಹಿಡಿದುಕೊಳ್ಳುತ್ತದೆ, ಬೇಗ ಬಿಡುವುದೂ ಇಲ್ಲ.

ಸಣ್ಣ ಲೆಕ್ಕವೊಂದನ್ನು ಹಾಕಿ ನೋಡೋಣ. ನಿಮಿಷಕ್ಕೆ 6 ಲೀಟರ್ ನೀರಿನ ಬಿಸಿಯನ್ನು 25 ಡಿಗ್ರಿ ಸೆಲ್ಸಿಯಸ್ ಏರಿಸಲು 150 ಕಿಲೋಕ್ಯಾಲರಿ ಶಾಖ ಬೇಕು. ನಾಲ್ಕು ಬಕೆಟ್ ತುಂಬುವ ಹತ್ತು ನಿಮಿಷಕ್ಕೆ 1,500. ಪೋಲಾಗುವ ಶಾಖವನ್ನೂ ಸೇರಿಸಿದರೆ ಸುಮಾರು 160 ಗ್ರಾಂ ಗ್ಯಾಸ್ ಉರಿಯಬೇಕು. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಹದಿನೈದು ಕಿಲೋಗೂ ಹೆಚ್ಚು ಗಾಳಿ ಬೇಕು. ಅಂದರೆ ಈ 160 ಗ್ರಾಂ ಗ್ಯಾಸಿಗೆ ಎರಡು ಘನ ಮೀಟರಿನಷ್ಟು ಗಾಳಿ. ನಾಲ್ಕಡಿಗೆ ಆರಡಿ, ಎಂಟಡಿ ಎತ್ತರದ ಬಚ್ಚಲಮನೆಯಲ್ಲಿ ಇರುವ ಒಟ್ಟು ಗಾಳಿಯೇ ಐದೂವರೆ ಘನ ಮೀಟರ್ ಮುಟ್ಟುವುದಿಲ್ಲ! ಒಬ್ಬರ ಜಳಕ ಮುಗಿದು ಇನ್ನೊಬ್ಬರು ಒಳಗೆ ಹೋಗುವ ಹೊತ್ತಿಗೆ ಗಾಳಿ ಆಗಲೇ ಕೆಟ್ಟಿರುತ್ತದೆ. ದೀಪಾವಳಿಯ ಎಣ್ಣೆ ಜಳಕದಂಥ ದಿನ, ಮನೆಮಂದಿಯೆಲ್ಲ ಸಾಲಾಗಿ ಮೀಯುವಾಗ, ಹೆಚ್ಚು ಅಪಾಯ ಕೊನೆಯವರಿಗೆ.

ಆದ್ದರಿಂದ ಗೀಜರನ್ನು ಕೂಡಿಸಬೇಕಾದ ಜಾಗ ಬಚ್ಚಲ ಹೊರಗೆ. ಹಿತ್ತಲ ಗೋಡೆಗೆ, ಮಳೆ ಬೀಳದ ಸಜ್ಜಾದ ಕೆಳಗೆ ಹಾಕಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಬೇಕು. ಆ ಪೈಪು ಸಿಪಿವಿಸಿಯದೋ ಜಿಐಯದೋ ಇರಲಿ; ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಅಗ್ಗದ ಹಲವು ಗೀಜರುಗಳಿಗೆ ಹೊಗೆ ಕೊಳವೆಯೇ ಇರುವುದಿಲ್ಲ; ಉರಿದ ಗಾಳಿ ನೆತ್ತಿಯ ಸೀಳುಗಳಿಂದ ನೇರ ಕೋಣೆಗೇ ಬೀಳುತ್ತದೆ. ಕೊಳವೆ ಇದ್ದರೂ ಅದು ಮೇಲ್ಮುಖವಾಗಿ ಸಾಗಿ ಬಯಲಿಗೆ ತೆರೆಯಬೇಕು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಕೆಳಗಿನಿಂದ ಗಾಳಿ ಬರಲು ದಾರಿಯಿಲ್ಲದ ಕೋಣೆಯಲ್ಲಿ ಆ ಫ್ಯಾನು ಕೊಳವೆಯೊಳಗಿನ ಹೊಗೆಯನ್ನೇ ಹಿಂದಕ್ಕೆ ಎಳೆದುಕೊಳ್ಳಬಹುದು. ಅಮೆರಿಕ, ಕೆನಡಾದಲ್ಲಿರುವ ನಮ್ಮವರ ಮನೆ ಕಾಯಿಸುವ ಗ್ಯಾಸ್ ಫರ್ನೇಸಿಗೂ ಇದೇ ನಿಯಮ. ಅಲ್ಲಿನ ಹೊಸ ಬಗೆಯ ಫರ್ನೇಸುಗಳು ಒಂದು ಕೊಳವೆಯಿಂದ ಹೊರಗಿನ ಗಾಳಿ ಎಳೆದುಕೊಂಡು ಇನ್ನೊಂದರಿಂದ ಹೊಗೆ ಬಿಡುತ್ತವೆ. ಮನೆಯೊಳಗಿನ ಗಾಳಿಯನ್ನು ಮುಟ್ಟುವುದೇ ಇಲ್ಲ.

ಇನ್ನು ಉರಿ. ಸಂಜೆ ಮಬ್ಬಿನಲ್ಲಿ ಗೀಜರ್ ಹಚ್ಚಿ, ಮುಂದಿನ ಕಿಂಡಿಯಿಂದ ಬರ್ನರನ್ನು ನೋಡಿ. ಸರಿಯಾದ ಉರಿ ನೀಲಿ, ಗಿಡ್ಡ, ಸಾಲು ಕದಲದು. ಒಳಗೆ ಗಾಢವಾದ ಚೂಪು ಸ್ಪಷ್ಟವಾಗಿ ಕಾಣುತ್ತದೆ. ತುದಿ ಹಳದಿಯಾಗಿ ಓಲಾಡುತ್ತಿದ್ದರೆ ಉರಿಗೆ ಗಾಳಿ ಸಾಲದಾಗಿದೆ. ಆ ಹಳದಿ, ಪೂರ್ತಿ ಸುಡದೆ ಕಾದ ಇಂಗಾಲದ ಕಣಗಳ ಬೆಳಕು. ಬರ್ನರಿನ ಬಾಯಲ್ಲಿ ಜೇಡರ ಬಲೆ, ಧೂಳು, ಮೇಲಿನ ತಾಮ್ರದ ರೆಕ್ಕೆಗಳ ನಡುವೆ ಮಸಿ ಕಟ್ಟಿರುವುದು ಇದಕ್ಕೆ ಸಾಮಾನ್ಯ ಕಾರಣ. ಉರಿ ಬರ್ನರಿನಿಂದ ಮೇಲೆದ್ದು ಭುಸುಗುಟ್ಟಿದರೆ ಗಾಳಿಯೋ ಒತ್ತಡವೋ ಹೆಚ್ಚಾಗಿದೆ. ಎರಡಕ್ಕೂ ಕಂಪನಿಯ ಮೆಕ್ಯಾನಿಕ್ ಬೇಕು. ಗುಂಡುಸೂಜಿಯಿಂದ ಜೆಟ್ಟಿನ ತೂತು ಕೆದಕಿ ದೊಡ್ಡದು ಮಾಡಿದರೆ ಗ್ಯಾಸ್ ಹೆಚ್ಚುತ್ತದೆ, ಗಾಳಿ ಹೆಚ್ಚುವುದಿಲ್ಲ.

ನೀರು ಸಾಕಷ್ಟು ಕಾಯುತ್ತಿಲ್ಲವೆಂದು ಹೈ ಪ್ರೆಶರ್ ರೆಗ್ಯುಲೇಟರ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಮನೆಯ ರೆಗ್ಯುಲೇಟರ್ ಹೊರಗೆ ಬಿಡುವುದು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಒತ್ತಡ ಮಾತ್ರ, ಗೀಜರಿನ ಒಳಗಿನ ಭಾಗಗಳೆಲ್ಲ ಅಷ್ಟಕ್ಕೇ ಮಾಡಿದವು. ನೀರಿನ ಗುಂಡಿಯನ್ನು ಕೊಂಚ ಕಡಿಮೆ ಮಾಡಿದರೆ ಸಾಕು, ಅದೇ ಉರಿಗೆ ನೀರು ಹೆಚ್ಚು ಕಾಯುತ್ತದೆ. ಗೀಜರ್ ಹತ್ತುವುದೇ ಇಲ್ಲವೆಂದಾದರೆ ಮೊದಲು ಬ್ಯಾಟರಿ ಸೆಲ್ಲು ನೋಡಿ, ಆಮೇಲೆ ಟಾಕಿಯ ಎತ್ತರ. ಒಳಗಿನ ರಬ್ಬರ್ ಪೊರೆಯನ್ನು ನೀರು ತಳ್ಳಿದರಷ್ಟೇ ಗ್ಯಾಸ್ ಬಾಗಿಲು ತೆರೆಯುವುದು.

ಸಿಲಿಂಡರಿನ ವಿಷಯ ಬಹುಮಂದಿಗೆ ಗೊತ್ತಿರುವಂಥದ್ದೇ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ನೆಲದ ಮೇಲೆ ಹರಿದು ಮೋರಿ ಸೇರುತ್ತದೆ. ಹಾಗಾಗಿ ಸಿಲಿಂಡರ್ ಇಟ್ಟಲ್ಲಿ ನೆಲಮಟ್ಟದಲ್ಲೂ ಕಿಂಡಿ ಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಕೂಡುಗಳಿಗೆ ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ, ಕಡ್ಡಿ ಗೀರಬೇಡಿ. ಸೋರಿಕೆಯ ದೂರಿಗೆ 1906 ಹಗಲೂ ರಾತ್ರಿ ಇದೆ.

ಮಾನಾಕ್ಸೈಡಿನ ಮೊದಲ ಲಕ್ಷಣಗಳು ತಲೆನೋವು, ತಲೆಸುತ್ತು, ವಾಕರಿಕೆ. ಪಿತ್ತವೆಂದು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಕಾಲಿನ ಶಕ್ತಿ ಹೋಗಿ ಚಿಲಕದವರೆಗೂ ನಡೆಯಲಾಗುವುದಿಲ್ಲ. ಒಳಗಿದ್ದವರು ಕರೆದರೆ ಓಗೊಡದಿದ್ದಾಗ ಬಾಗಿಲು ಒಡೆಯಿರಿ, ಬಯಲಿಗೆ ತನ್ನಿ, ಗೀಜರ್ ಆರಿಸಿ, 108ಕ್ಕೆ ಫೋನ್ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ಸಾದಾ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ತಾಸು. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು: ಬಚ್ಚಲಲ್ಲಿ ಗ್ಯಾಸ್ ಗೀಜರ್ ಉರಿಯುತ್ತಿತ್ತು.