ಲಸಿಕೆ ಬಂತೆಂದು ತಪಾಸಣೆ ಬಿಡಬಹುದೇ?

ನಮ್ಮ ಮಡಕಶಿರಾ ಸೀಮೆಯಲ್ಲಿ ಈ ಕಾಯಿಲೆಗೆ ಎರಡು ಹೆಸರು. ಕನ್ನಡದಲ್ಲಿ ಗರ್ಭಕೊರಳಿನ ಕ್ಯಾನ್ಸರ್, ತೆಲುಗಿನಲ್ಲಿ ಗರ್ಭಾಶಯ ಮುಖದ್ವಾರ ಕ್ಯಾನ್ಸರ್. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನಾನು ಕಂಡ ಹಾಗೆ, ಮನೆ ಹೆಂಗಸರ ಬಾಯಲ್ಲಿ ಎರಡೂ ಹೆಸರು ಬರೋದಿಲ್ಲ. ನಾಚಿಕೆ. ಆ ನಾಚಿಕೆಯಿಂದಲೇ ಎಷ್ಟೋ ತಾಯಂದಿರು ಆಸ್ಪತ್ರೆ ಮೆಟ್ಟಿಲು ಹತ್ತುವಾಗ ಹೊತ್ತು ಮೀರಿರುತ್ತದೆ.

ಈ ರೋಗದ ಮೂಲ ಎಚ್‌ಪಿವಿ ಎಂಬ ವೈರಸ್. ಅದಕ್ಕೆ ಲಸಿಕೆ ಇದೆ. 'ಲಸಿಕೆ ಹಾಕಿಸಿದ ಮೇಲೆ ತಪಾಸಣೆ ಯಾಕೆ?' ಅಂತ ಕೇಳುವವರೂ ಇದ್ದಾರೆ. ಇದಕ್ಕೆ ಸ್ಕಾಟ್ಲೆಂಡ್ ದೇಶದ ಅನುಭವ ನೋಡಬೇಕು.

ಅಲ್ಲಿ 2008ರಲ್ಲಿ 12-13 ವರ್ಷದ ಹುಡುಗಿಯರಿಗೆ ಶಾಲೆಯಲ್ಲೇ ಲಸಿಕೆ ಶುರುವಾಯಿತು. ಆಗೆಲ್ಲ 20 ವರ್ಷಕ್ಕೇ ಹೆಣ್ಣುಮಕ್ಕಳನ್ನು ತಪಾಸಣೆಗೆ ಕರೆಯುತ್ತಿದ್ದರು. ಲಸಿಕೆ ಪಡೆದವರು ಆ ವಯಸ್ಸಿಗೆ ಬಂದಾಗ, ಕ್ಯಾನ್ಸರಿಗೆ ಮುಂಚೆ ಕಾಣುವ ಕೆಟ್ಟ ಬದಲಾವಣೆ ಶೇಕಡಾ 89ರಷ್ಟು ಇಳಿದಿತ್ತು! ಲಸಿಕೆ ಹಾಕಿಸದ ಅವರ ಓರಗೆಯವರಲ್ಲೂ ಇಳಿದಿತ್ತು. 12-13ರಲ್ಲೇ ಪೂರ್ತಿ ಲಸಿಕೆ ಪಡೆದವರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಕಂಡಿಲ್ಲವೆಂದು 2024ರ ಅಧ್ಯಯನ ಹೇಳಿತು.

ಆದರೂ ಅವರು ತಪಾಸಣೆ ಬಿಟ್ಟಿಲ್ಲ. 2016ರಲ್ಲಿ ಶುರುವಿನ ವಯಸ್ಸನ್ನು 25ಕ್ಕೆ ಏರಿಸಿದರು. 2020ರಿಂದ ಮೊದಲು ವೈರಸ್ ಇದೆಯೇ ಎಂದೇ ನೋಡುತ್ತಾರೆ. ಇಲ್ಲದಿದ್ದರೆ ಮತ್ತೆ ಐದು ವರ್ಷಕ್ಕೆ. ರೋಗ ಅಪರೂಪವಾದಾಗ ಹಳೇ ಪರೀಕ್ಷೆಯಲ್ಲಿ ಸುಳ್ಳು ಗಾಬರಿಯೇ ಹೆಚ್ಚು. ಹಾಗಂತ ಲಸಿಕೆ ಎಲ್ಲಾ ಬಗೆಯ ಎಚ್‌ಪಿವಿ ತಡೆಯೋದಿಲ್ಲ. ಕಡ್ಲೆಕಾಯಿ ಬೀಜಕ್ಕೆ ಔಷಧಿ ಬೆರೆಸಿ ಬಿತ್ತಿದ ರೈತ ಹೊಲ ಸುತ್ತೋದು ಬಿಡ್ತಾನೆಯೇ?

ಅವರು ಇದ್ದ ತಪಾಸಣೆ ಕಡಿಮೆ ಮಾಡಿದರು. ನಮ್ಮಲ್ಲಿ ಅದು ಶುರುವೇ ಆಗಿಲ್ಲ ಅನ್ನಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ.

ಆದ್ದರಿಂದ ರೈತ ಬಂಧುಗಳೇ, ವ್ಯಾಪಾರಿ ಮಿತ್ರರೇ, ಲೆಕ್ಕ ಸರಳ: ಮಗಳಿಗೆ ಲಸಿಕೆ, ತಾಯಿಗೆ ತಪಾಸಣೆ. ಮೈಯೊಳಗೆ ಆಗಲೇ ಸೇರಿದ ವೈರಸನ್ನು ಲಸಿಕೆ ಓಡಿಸೋದಿಲ್ಲ. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕೆಂಬುದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ. ಅಸಿಟಿಕ್ ಆಮ್ಲದ ನೀರು ಸವರಿ, ಬಿಳಿ ಮಚ್ಚೆ ಏಳುತ್ತದೆಯೇ ಎಂದು ನೋಡುವ ಕೆಲವೇ ನಿಮಿಷದ ಕೆಲಸ. ಕೊಯ್ಯೋದಿಲ್ಲ. ಹೆಂಗಸರು ತಾವಾಗಿ ಬಾಯಿ ಬಿಡೋದಿಲ್ಲ. ಮುಂದಿನ ಸಲ ಪೇಟೆಗೆ ಹೊರಟಾಗ 'ನೀನೂ ಬಾ, ಆಸ್ಪತ್ರೆಗೂ ಹೋಗಿ ಬರೋಣ' ಅಂತ ನಾವೇ ಕರೆಯಬೇಕು.