ಕುಡಿಯುವ ನೀರು ಮತ್ತು ಕಾಮಾಲೆ: ಹೆಪಟೈಟಿಸ್ ಇ

ಅರಿಶಿನ ಕಾಮಾಲೆಯನ್ನು ಕಾಣದ ಹಳ್ಳಿಯಿಲ್ಲ. ಕಣ್ಣು ಹಳದಿಯಾಗಿ, ಮೂತ್ರ ಕಡುಬಣ್ಣಕ್ಕೆ ತಿರುಗಿ, ಊಟ ಸೇರದೆ ಮಲಗಿದವರು ತಿಂಗಳೊಪ್ಪತ್ತಿನಲ್ಲಿ ಎದ್ದು ಹೊಲಕ್ಕೆ ಹೋಗುವುದನ್ನು ಎಲ್ಲರೂ ನೋಡಿರುತ್ತಾರೆ. ಆದ್ದರಿಂದ ಇದನ್ನು ಅಷ್ಟಾಗಿ ಲೆಕ್ಕಿಸದಿರುವುದು ವಾಡಿಕೆ. ಆದರೆ ಕಾಮಾಲೆಯೆಂಬುದು ಒಂದೇ ರೋಗವಲ್ಲ, ಪಿತ್ತಜನಕಾಂಗಕ್ಕೆ ತೊಂದರೆಯಾದಾಗ ಕಾಣುವ ಚಿಹ್ನೆ. ಬೆಳೆಯ ಎಲೆ ಹಳದಿಯಾಗಲು ಸಾರಜನಕದ ಕೊರತೆ, ಕಬ್ಬಿಣದ ಕೊರತೆ, ನಂಜುರೋಗ ಹೀಗೆ ಹಲವು ಕಾರಣಗಳಿರುವಂತೆ ಇದಕ್ಕೂ ಹಲವು ಕಾರಣಗಳುಂಟು. ನಮ್ಮ ದೇಶದಲ್ಲಿ ನೀರಿನ ಮೂಲಕ ಊರಿಗೆ ಊರನ್ನೇ ಹಿಡಿಯುವ ಕಾಮಾಲೆಗೆ ಮುಖ್ಯ ಕಾರಣ ಹೆಪಟೈಟಿಸ್ ಇ ಎಂಬ ವೈರಸ್. ಬಹುಪಾಲು ಜನರಲ್ಲಿ ತಾನಾಗಿ ವಾಸಿಯಾಗುವ ಈ ರೋಗ ಗರ್ಭಿಣಿಯರಿಗೆ ಮಾರಕವಾಗಬಲ್ಲದು.

ದೆಹಲಿಯ ಅನುಭವ

1955ರಲ್ಲಿ ಯಮುನಾ ನದಿಯ ಪ್ರವಾಹದ ನಂತರ ಹರಿವಿನ ದಿಕ್ಕು ಬದಲಾಗಿ, ನಗರದ ಕೊಳಚೆ ನೀರು ವಜೀರಾಬಾದಿನಲ್ಲಿ ಕುಡಿಯುವ ನೀರೆತ್ತುವ ಸ್ಥಳವನ್ನು ಸೇರಿತು. ಇದನ್ನು ಕಂಡ ಸಿಬ್ಬಂದಿ ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಿದರು. ಅದರಿಂದ ಬ್ಯಾಕ್ಟೀರಿಯಾಗಳು ಸತ್ತು, ವಿಷಮಶೀತ ಜ್ವರವಾಗಲಿ ಆಮಶಂಕೆಯಾಗಲಿ ಹೆಚ್ಚಲಿಲ್ಲ. ಆದರೆ ವೈರಸ್ ಉಳಿಯಿತು. ಕೊಳಚೆ ಸೇರಿದ್ದು ನವೆಂಬರ್‌ನಲ್ಲಿ. ಕಾಮಾಲೆ ಎದ್ದದ್ದು ಡಿಸೆಂಬರ್ ಮತ್ತು ಜನವರಿಯಲ್ಲಿ. ಸುಮಾರು 29,000 ಜನ ಹಳದಿಯಾದರು. ಮುಂದೆ 1978ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಇಂತಹದೇ ಪಿಡುಗು ಬಂದಾಗ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅವರು ಅಧ್ಯಯನ ನಡೆಸಿ, ಇದು ಆಗ ತಿಳಿದಿದ್ದ ಹೆಪಟೈಟಿಸ್ ಎ ಅಥವಾ ಬಿ ಅಲ್ಲವೆಂದು ತೋರಿಸಿಕೊಟ್ಟರು. ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಾಲಯಾನ್ ರೋಗಿಗಳ ಮಲದ ಸಾರವನ್ನು ತಾವೇ ಕುಡಿದು, ಕಾಮಾಲೆ ಬರಿಸಿಕೊಂಡು, ತಮ್ಮ ಮಲದಲ್ಲಿ ವೈರಸ್ಸನ್ನು ಕಂಡ ವರದಿ 1983ರಲ್ಲಿ ಪ್ರಕಟವಾಯಿತು. ವಿಜ್ಞಾನಕ್ಕೆ ಉಪಕಾರವಾಯಿತು, ಆದರೆ ಅನುಕರಿಸತಕ್ಕ ವಿಧಾನವಲ್ಲ.

ಹರಡುವ ರೀತಿ

ರೋಗಿಯ ಮಲದಲ್ಲಿರುವ ವೈರಸ್ ನೀರು ಸೇರಿ, ಆ ನೀರನ್ನು ಕುಡಿದವರಿಗೆ ತಗಲುತ್ತದೆ. ನೀರು ಕುಡಿದ 2ರಿಂದ 10 ವಾರಗಳಲ್ಲಿ, ಸಾಮಾನ್ಯವಾಗಿ 5-6 ವಾರಗಳಲ್ಲಿ, ರೋಗ ಕಾಣುತ್ತದೆ. ಆದ್ದರಿಂದ ಕಾಮಾಲೆ ಕಂಡ ದಿನದ ನೀರನ್ನು ಪರೀಕ್ಷಿಸಿ ದೋಷವಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ದೋಷ ಒಂದು ತಿಂಗಳ ಹಿಂದಿನದಾಗಿರಬಹುದು. ಕೊಳವೆ ನೀರು ಬರುವ ಊರುಗಳಿಗೂ ಈ ಭಯ ತಪ್ಪಿದ್ದಲ್ಲ. ಪಂಪ್‌ಸೆಟ್ಟಿನ ಹೀರು ಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ ಗಾಳಿ ಒಳಸೇರುವುದು ರೈತರಿಗೆ ಗೊತ್ತು. ಅದೇ ರೀತಿ ಚರಂಡಿಯೊಳಗೆ ಹಾದುಹೋಗುವ ಕುಡಿಯುವ ನೀರಿನ ಕೊಳವೆ ಬಿರುಕು ಬಿಟ್ಟಿದ್ದರೆ, ನೀರು ನಿಂತ ಹೊತ್ತಿನಲ್ಲಿ ಸುತ್ತಲಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಹಂದಿಗಳಲ್ಲಿಯೂ ಈ ವೈರಸ್ಸಿನ ಕೆಲವು ಪಂಗಡಗಳಿವೆ. ಯೂರೋಪಿನಲ್ಲಿ ಸರಿಯಾಗಿ ಬೇಯಿಸದ ಹಂದಿ ಮಾಂಸದಿಂದ ರೋಗ ಬರುವುದುಂಟು. ಭಾರತದಲ್ಲಿ ಜನರನ್ನು ಕಾಡುವ ಪಂಗಡ ಮನುಷ್ಯರಿಂದ ಮನುಷ್ಯರಿಗೆ ನೀರಿನ ಮೂಲಕವೇ ಬರತಕ್ಕದ್ದು.

ಗರ್ಭಿಣಿಯರಲ್ಲಿ ಅಪಾಯ

ಮೊದಲು ಜ್ವರ, ವಾಕರಿಕೆ, ನಿಶ್ಶಕ್ತಿ. ನಂತರ ಕಣ್ಣು ಹಳದಿ. ರೋಗ 15ರಿಂದ 40 ವರ್ಷದವರಲ್ಲಿ, ಎಂದರೆ ದುಡಿಯುವ ವಯಸ್ಸಿನವರಲ್ಲಿ, ಹೆಚ್ಚು. ಬಹುಪಾಲು ಜನ ಕೆಲವು ವಾರಗಳಲ್ಲಿ ಯಾವ ವಿಶೇಷ ಔಷಧಿಯೂ ಇಲ್ಲದೆ ಗುಣವಾಗುತ್ತಾರೆ. ನೆಲನೆಲ್ಲಿ ರಸ ಕುಡಿಸಿದವರಿಗೂ ಕೈಗೆ ಬರೆ ಹಾಕಿದವರಿಗೂ ಕೀರ್ತಿ ಬರುವುದು ಇದರಿಂದಲೇ. ಬರೆಯಿಂದ ಗಾಯವಲ್ಲದೆ ಮತ್ತೇನೂ ಆಗದು. ನೋವು ಜ್ವರಗಳ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಮದ್ಯವನ್ನು ಪೂರ್ತಿ ಬಿಡಬೇಕು.

ಗರ್ಭಿಣಿಯರ ಮಾತು ಬೇರೆ. ಕೊನೆಯ ಮೂರು ತಿಂಗಳಲ್ಲಿ ಈ ಕಾಮಾಲೆ ಬಂದವರ ಪೈಕಿ ನೂರಕ್ಕೆ 20-25ರವರೆಗೂ ಸಾವು ಸಂಭವಿಸಿದ್ದುಂಟು. ಪಿತ್ತಜನಕಾಂಗ ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸುತ್ತದೆ. ಗರ್ಭಪಾತ, ಸತ್ತ ಮಗುವಿನ ಹೆರಿಗೆ, ತೀವ್ರ ರಕ್ತಸ್ರಾವ ಆಗಬಹುದು. ನಾಟಿ ಔಷಧಿಗೆಂದು ಕಳೆದ ಒಂದು ವಾರ ಇಲ್ಲಿ ತಾಯಿಯ ಜೀವವನ್ನೇ ತೆಗೆಯಬಲ್ಲದು. ಗರ್ಭಿಣಿಯ ಕಣ್ಣು ಹಳದಿಯಾದ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಿ, ರಕ್ತಪರೀಕ್ಷೆ ಹಾಗೂ ಹೆರಿಗೆಯ ಸೌಲಭ್ಯಗಳಿರುವ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಮಂಪರು, ತೊದಲು ಮಾತು, ನಿಲ್ಲದ ವಾಂತಿ ಕಂಡರೆ ಒಂದು ಗಂಟೆಯೂ ತಡಮಾಡಬಾರದು. ಪಥ್ಯವೆಂದು ಆಕೆಯನ್ನು ಉಪವಾಸ ಕೆಡವುವುದು ತಪ್ಪು.

ಚೀನಾ ದೇಶದಲ್ಲಿ 2011ರಲ್ಲಿ ಲಸಿಕೆಯೊಂದಕ್ಕೆ ಅನುಮತಿ ದೊರೆತಿದೆ. ನಮ್ಮ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಅದು ಸೇರಿಲ್ಲವಾದ್ದರಿಂದ ನೀರಿನ ಕಡೆಗೇ ಗಮನ ಕೊಡಬೇಕಾಗಿದೆ.

ಬಾವಿಯ ನೀರಿನ ಶುದ್ಧೀಕರಣ

ಪಾಯಿಖಾನೆ ಗುಂಡಿ ಬಾವಿಗೆ ದೂರವಾಗಿ, ಇಳಿಜಾರಿನ ಕೆಳಭಾಗದಲ್ಲಿರಬೇಕು. ರೋಗಿಯ ಮಲ ಬಯಲಿಗೆ ಬೀಳಬಾರದು. ಬಾವಿಗೆ 1,000 ಲೀಟರ್ ನೀರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ ಸಾಮಾನ್ಯ ಪ್ರಮಾಣ. 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್ ಆಗುತ್ತದೆ. ಇದಕ್ಕೆ 70 ಗ್ರಾಂ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಸಿದು, ಬಾವಿಗಿಳಿಸಿ ಚೆನ್ನಾಗಿ ಕದಡಬೇಕು. ರಾತ್ರಿ ಹಾಕಿದರೆ ಬೆಳಗ್ಗೆ ನೀರು ಸೇದಲು ಅನುಕೂಲ. ತೇವ ತಗುಲಿದ ಹಳೆಯ ಪುಡಿಗೆ ಶಕ್ತಿಯಿರುವುದಿಲ್ಲ. ನೀರು ಬಗ್ಗಡವಾಗಿದ್ದರೆ ಕ್ಲೋರಿನ್ ಆ ಕೊಳೆಯಲ್ಲೇ ವ್ಯರ್ಥವಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ, ಅದರಲ್ಲೂ ಊರಿನಲ್ಲಿ ಕಾಮಾಲೆ ಇರುವಾಗ, ಬಾವಿಗೆ ಪುಡಿ ಹಾಕಿದ್ದರೂ ಕುಡಿಯುವ ನೀರನ್ನು ಕೆಲವು ನಿಮಿಷ ಕೊತಕೊತ ಕುದಿಸಿ ಆರಿಸಬೇಕು. ಮನೆಮಂದಿಗೆಲ್ಲ ಸಾಕಾಗುವಷ್ಟು ಸೌದೆಯಿಲ್ಲದಿದ್ದರೆ ಗರ್ಭಿಣಿಯ ಕೊಡವೊಂದನ್ನಾದರೂ ಮೊದಲು ಕುದಿಸಿ, ಮುಚ್ಚಿ, ಬೇರೆಯಾಗಿಡಬೇಕು.