ಕೋಡಿ ಕಟ್ಟಿಕೊಂಡ ನರ

ಅನುಭವಿ ನರರೋಗ ತಜ್ಞರು ಎದುರಿಗೆ ಬಂದವರ ಮೊಣಕಾಲಿಗೆ ಸುತ್ತಿಗೆ ತಟ್ಟುವ ಮೊದಲು ಅಂಗಿ ಬಿಚ್ಚಿಸಿ, ಬೆಳಕಿಗೆ ಕೂರಿಸಿ, ಸುಮ್ಮನೆ ನೋಡುತ್ತಾರೆ. ಕೆಲವರ ಭುಜದಲ್ಲಿ, ತೊಡೆಯಲ್ಲಿ, ಚರ್ಮದಡಿ ಎರೆಹುಳು ಹರಿದಂತೆ ಸ್ನಾಯು ತಾನಾಗಿಯೇ ಅದುರುತ್ತಿರುತ್ತದೆ. ಸೂಜಿ ಚುಚ್ಚಿ, ಸ್ನಾಯುವಿನ ವಿದ್ಯುತ್ ಅಳೆಯುವ ಇಎಂಜಿ ಯಂತ್ರದ ಸ್ಪೀಕರ್ ಹಾಕಿದರೆ ಬಾಣಲೆಯಲ್ಲಿ ಅರಳು ಸಿಡಿದ ಸದ್ದು. (ಎಡಗಣ್ಣೋ ಬಲಗಣ್ಣೋ ಅದುರಿತೆಂದು ಹೆದರಬೇಡಿ. ಶಕ್ತಿ ಕುಂದದೆ ಬರೀ ಅದುರಿದರೆ ಅದು ಬಹುಪಾಲು ನಿರುಪದ್ರವಿ.)

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ (ಇದರ ಮುಖ್ಯ ರೂಪ ಎಎಲ್‌ಎಸ್) ನರಕೋಶ ಸಾಯುತ್ತದೆ, ಕೈಕಾಲು ಸೊರಗುತ್ತವೆ ಎಂದು ಕೇಳಿದ್ದೇವೆ. ಆದರೆ ಸಾಯುವ ಮುನ್ನ ಅದೇ ಕೋಶ ಅತಿಯಾಗಿ ಗಲಾಟೆ ಮಾಡುತ್ತದೆ; ಆ ಅದುರುವಿಕೆ ಅದರದೇ ಗುರುತು. ಗಲಾಟೆಯ ಮೂಲ ಕೋಶದ ಪೊರೆಯಲ್ಲಿರುವ ಅಯಾನ್ ಚಾನೆಲ್‌ಗಳು.

ಕೆರೆಯ ಲೆಕ್ಕದಲ್ಲಿ ಹೇಳುವುದಾದರೆ, ಸೋಡಿಯಂ ಒಳನುಗ್ಗುವ ಚಾನೆಲ್ ರಾಜಕಾಲುವೆ; ಪೊಟ್ಯಾಸಿಯಂ ಹೊರಹೋಗುವ ಚಾನೆಲ್ ಕೋಡಿ. ಸೋಡಿಯಂ ನುಗ್ಗಿದಾಗ ಸಂದೇಶ ಹೊರಡುತ್ತದೆ, ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಗೇಟು ಮುಚ್ಚುತ್ತದೆ, ಪೊಟ್ಯಾಸಿಯಂ ಹರಿದುಹೋಗಿ ನರ ತಣ್ಣಗಾಗುತ್ತದೆ. ಈ ಕಾಯಿಲೆಯಲ್ಲಿ ಗೇಟು ಪೂರ್ತಿ ಮುಚ್ಚದೆ ಸೋರುತ್ತದೆ, ಕೋಡಿಯಲ್ಲಿ ಹೂಳು. ಯಾರೂ ಕರೆಯದಿದ್ದರೂ ನರ ಕೂಗುತ್ತಲೇ ಇರುತ್ತದೆ.

ಈ ಗೇಟುಗಳ ವಿದ್ಯುತ್ತನ್ನು ಅಳೆಯುವ ‘ವೋಲ್ಟೇಜ್ ಕ್ಲ್ಯಾಂಪ್’ ವಿಧಾನ ಕಂಡುಕೊಂಡ ಕೆನೆತ್ ಕೋಲ್ 1954ರಲ್ಲಿ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾಕ್ಕೆ, ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಬಂದರು. 1947ರಲ್ಲಿ ಅವರು ಈ ವಿಧಾನ ಪ್ರಯೋಗಿಸಿದ್ದು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದ ಮೇಲೆ. ಇಂದು ರೋಗಿಯ ಚರ್ಮದ ಕೋಶದಿಂದ ಬೆಳೆಸಿದ ನರಕೋಶಕ್ಕೂ ಅದೇ ತತ್ವ. 2014ರಲ್ಲಿ ಹಾರ್ವರ್ಡ್ ಗುಂಪು ಹಾಗೆ ಬೆಳೆಸಿದ ಕೋಶಗಳು ಅತಿ ಚುರುಕಾಗಿ ಮಿಡಿಯುವುದನ್ನು ಕಂಡಿತು. ಪೊಟ್ಯಾಸಿಯಂ ಕೋಡಿ ತೆರೆಯುವ ರೆಟಿಗಬೀನ್ ಹಾಕಿದಾಗ ಅವು ಶಾಂತವಾದವು.

ಇಲ್ಲಿಂದ ಕಥೆ ಕೆರೊಲಿನಾಕ್ಕೆ ಹೊರಳುತ್ತದೆ. ನಾರ್ತ್ ಕೆರೊಲಿನಾದ ಡರ್ಹ್ಯಾಮಿನಲ್ಲಿ ಚಾನೆಲ್‌ಗಳನ್ನೇ ನಂಬಿ ಹುಟ್ಟಿದ ಐಕಾಜೆನ್ ಎಂಬ ಕಂಪನಿಯಿತ್ತು. ಪೊಟ್ಯಾಸಿಯಂ ಕೋಡಿ ತೆರೆಯುವ ಅಣುಗಳನ್ನು ಅದೂ ಹುಡುಕಿತು, 2011ರಲ್ಲಿ ಫೈಜರ್ ಅದನ್ನು ಕೊಂಡಿತು. ಅದೇ ವರ್ಷ ರೆಟಿಗಬೀನ್ ‘ಪೊಟಿಗಾ’ ಎಂಬ ಹೆಸರಲ್ಲಿ ಅಪಸ್ಮಾರದ ಔಷಧವಾಗಿ ಅಮೆರಿಕದ ಎಫ್‌ಡಿಎಯಿಂದ ಒಪ್ಪಿಗೆ ಪಡೆದಿತ್ತು. 2013ರಲ್ಲಿ ಎಚ್ಚರಿಕೆ: ಕೆಲವರ ತುಟಿ, ಉಗುರು ನೀಲಿಗಟ್ಟಿದ್ದವು, ಅಕ್ಷಿಪಟದಲ್ಲಿ ಬಣ್ಣ ಕೂತಿತ್ತು. 2017ರಲ್ಲಿ ಮಾತ್ರೆ ಮಾರುಕಟ್ಟೆಯಿಂದಲೇ ಹೋಯಿತು. ಮೋಟಾರ್ ನ್ಯೂರಾನ್ ಕಾಯಿಲೆಯ 65 ರೋಗಿಗಳ ಮೇಲೆ ಇದೇ ಔಷಧದ ಪರೀಕ್ಷೆಯ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ: ಹೆಚ್ಚಿನ ಡೋಸಿನಲ್ಲಿ ನರಗಳ ಉದ್ರೇಕ ತಗ್ಗಿತ್ತು! ಆಯುಷ್ಯ ಬೆಳೆಯುವುದೇ ಎಂದು ತಿಳಿಯಲು ಹತ್ತು ವಾರದ ಪರೀಕ್ಷೆ ಸಾಲದು. ಅಂಗಡಿ ಮುಚ್ಚಿದ ಮೇಲೆ ಸರಕು ಚೆನ್ನಾಗಿತ್ತು ಎಂದ ಹಾಗಾಯಿತು. ಈಗ ಅದೇ ಚಾನೆಲ್‌ಗೆ ಹೊಸ ಅಣುಗಳ ಪ್ರಯೋಗ ನಡೆದಿದೆ.

1995ರಲ್ಲಿ ಒಪ್ಪಿಗೆ ಪಡೆದ ರಿಲುಜೋಲ್ ಕೂಡ ಗಲಾಟೆ ತಗ್ಗಿಸುವ ಮದ್ದೇ; ಸೋಡಿಯಂ ಸೋರಿಕೆಯನ್ನು ತಡೆಯುತ್ತದೆ. ಪರೀಕ್ಷೆಗಳಲ್ಲಿ ಕಂಡ ಲಾಭ ಎರಡು-ಮೂರು ತಿಂಗಳು. ಇಷ್ಟು ಕಡಿಮೆ ಏಕೆ? ಅದುರುವಿಕೆ ಕೊಲೆಗಾರನಲ್ಲ, ಕೋಶದ ಕೂಗು ಮಾತ್ರ ಎನ್ನುವ ಸಂಶೋಧಕರೂ ಇದ್ದಾರೆ. ನನಗೂ ಆ ಅನುಮಾನ ಪೂರ್ತಿ ಹೋಗಿಲ್ಲ.

ಇಂಥ ಅರೆಬೆಳಕಿನಲ್ಲೇ ವಾಟ್ಸ್ಯಾಪ್ ಮದ್ದುಗಳು ಹಬ್ಬುವುದು. ಡರ್ಹ್ಯಾಮಿನ ಡ್ಯೂಕ್ ವಿಶ್ವವಿದ್ಯಾಲಯದ ಡಾ. ರಿಚರ್ಡ್ ಬೆಡ್‌ಲ್ಯಾಕ್ ಬಣ್ಣಬಣ್ಣದ ಕೋಟು ತೊಟ್ಟೇ ಕ್ಲಿನಿಕ್ಕಿಗೆ ಬರುವ ವೈದ್ಯರು. ‘ಎಎಲ್‌ಎಸ್ ಅನ್‌ಟ್ಯಾಂಗಲ್ಡ್’ ಎಂಬ ಅವರ ಗುಂಪು ರೋಗಿಗಳು ಕೇಳುವ ಇಂಥ ಮದ್ದುಗಳನ್ನು ನಗದೆ, ಒಂದೊಂದಾಗಿ ತೂಗಿ ನೋಡುತ್ತದೆ.

ರಿಲುಜೋಲ್‌ನಂತೆ, ಹೃದಯದ ಬಡಿತ ಸರಿಪಡಿಸುವ ಹಳೆಯ ಮಾತ್ರೆ ಮೆಕ್ಸಿಲೆಟೀನ್ ಕೂಡ ಸೋಡಿಯಂ ಗೇಟಿನ ಕಾವಲಿಗೆ ಬಂದಿದೆ. ಅದರಿಂದ ಕೈಯ ಶಕ್ತಿ ಮರಳಿದ್ದಿಲ್ಲ. ನಡುರಾತ್ರಿ ಮೀನಖಂಡ ಕಲ್ಲಿನಂತೆ ಗಂಟುಕಟ್ಟಿ ಎಚ್ಚರಗೊಳ್ಳುತ್ತಿದ್ದವರಲ್ಲಿ ಹಲವರು ಮಾತ್ರ ಬೆಳಗಿನತನಕ ನಿದ್ದೆ ಮಾಡುತ್ತಾರೆ.